ನೆಲಗಪ್ಪೆ ಮುಟ್ಟಿದರೆ ನರುಲಿ ಏಳುತ್ತದೆಯೇ?

ಓದುಗರ ಪ್ರಶ್ನೆ: ನನ್ನ ಮಗಳು ನೆಲಗಪ್ಪೆಯನ್ನು ಕೈಯಲ್ಲಿ ಹಿಡಿದಾಗ ಅದು ಉಚ್ಚೆ ಹೊಯ್ದಿತು. ಇನ್ನು ಕೈತುಂಬ ನರುಲಿ ಏಳುವುದು ಖಂಡಿತ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಮಳೆಗಾಲ ಶುರುವಾದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ಸಾಲಿನ ಉತ್ತರದಿಂದ ಯಾರ ಭಯವೂ ಹೋದಂತಿಲ್ಲವಾದ್ದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ.

ನರುಲಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್. ಅದು ಮನುಷ್ಯರಿಂದ ಮನುಷ್ಯರಿಗೆ, ಹಂಚಿಕೊಂಡ ಟವೆಲ್ಲು, ರೇಜರುಗಳ ಮೂಲಕವೂ, ಚರ್ಮದ ಸಣ್ಣ ಗೀರುಗಳಲ್ಲಿ ಹೊಕ್ಕು ಹರಡುತ್ತದೆ. ಕಪ್ಪೆಯ ಮೈಯಲ್ಲಿ ಅದು ಬದುಕುವುದೇ ಇಲ್ಲ. ವೈರಸ್ ಒಳಹೊಕ್ಕ ಮೇಲೆ ನರುಲಿ ಕಾಣಿಸಿಕೊಳ್ಳಲು ವಾರಗಳಿಂದ ಹಿಡಿದು ಹಲವು ತಿಂಗಳುಗಳೇ ಬೇಕಾಗಬಹುದು. ಅಷ್ಟರಲ್ಲಿ ಯಾರ ಕೈ ತಾಗಿತ್ತೆಂಬುದು ಯಾರಿಗೂ ನೆನಪಿರುವುದಿಲ್ಲ, ಕಪ್ಪೆ ಹಿಡಿದದ್ದು ಮಾತ್ರ ಎಲ್ಲರಿಗೂ ನೆನಪಿರುತ್ತದೆ. ನರುಲಿ ಹೆಚ್ಚಾಗಿ ಏಳುವುದು ಮಕ್ಕಳಿಗೆ, ಕಪ್ಪೆಯನ್ನು ಹಿಡಿದು ಆಡುವವರೂ ಮಕ್ಕಳೇ. ಅಪವಾದ ಹುಟ್ಟಿಕೊಳ್ಳಲು ಇಷ್ಟು ಸಾಕಾಯಿತು.

ಇನ್ನು ನೆಲಗಪ್ಪೆಯ ಮೈಮೇಲಿರುವ ಗಂಟುಗಳು ನರುಲಿಗಳೇ ಅಲ್ಲ. ಅವು ಗ್ರಂಥಿಗಳು, ರೋಗವಲ್ಲ. ಆ ಜಾತಿಯ ಪ್ರತಿಯೊಂದು ಕಪ್ಪೆಗೂ ಹುಟ್ಟುಗುಣವಾಗಿ ಬಂದವು. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಸಾಮಾನ್ಯ ನೆಲಗಪ್ಪೆಯ ಗಂಟುಗಳನ್ನು ಹತ್ತಿರದಿಂದ ನೋಡಿದರೆ ಅವುಗಳ ತುದಿ ಕಪ್ಪಗಿರುವುದು ಕಾಣುತ್ತದೆ. 1799ರಲ್ಲಿ ಜರ್ಮನಿಯ ಪ್ರಕೃತಿವಿಜ್ಞಾನಿ ಷ್ನೈಡರ್ ಇದಕ್ಕೆ ಕೊಟ್ಟ ‘ಮೆಲನೊಸ್ಟಿಕ್ಟಸ್’ ಎಂಬ ಹೆಸರಿಗೆ ಕಪ್ಪು ಚುಕ್ಕೆಯುಳ್ಳದ್ದು ಎಂದೇ ಅರ್ಥ. ಇದರ ಈಗಿನ ಕುಲನಾಮವಾದ ‘ದತ್ತಾಫ್ರೈನಸ್’ ಭಾರತದ ಉಭಯಜೀವಿ ತಜ್ಞ ಸುಶೀಲ್ ಕುಮಾರ್ ದತ್ತ ಅವರ ಗೌರವಾರ್ಥ ಇಟ್ಟದ್ದೆಂದು ಹೇಳಲು ನನಗೆ ಹೆಮ್ಮೆ.

ಉಚ್ಚೆಯ ವಿಷಯಕ್ಕೆ ಬರೋಣ. ನೆಲಗಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲಕ್ಕೆ ಹೊಟ್ಟೆ ಒತ್ತಿ ಕುಳಿತು, ಹೊಟ್ಟೆಯಡಿಯ ಮತ್ತು ತೊಡೆಯ ಚರ್ಮದಿಂದಲೇ ನೀರನ್ನು ಹೀರಿ ಮೂತ್ರಕೋಶದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಯಾರಾದರೂ ಹಿಡಿದರೆ ಹೆದರಿ ಅದನ್ನು ಚೆಲ್ಲಿಬಿಡುತ್ತದೆ. ನಿಮ್ಮ ಮಗಳ ಕೈಮೇಲೆ ಬಿದ್ದದ್ದು ಬಹುಪಾಲು ಆ ನೀರೇ. ಅದರಿಂದ ಮಗುವಿಗೆ ನಷ್ಟವೇನಿಲ್ಲ. ನಷ್ಟವಾದದ್ದು ಒಣಹವೆಯ ದಿನಗಳಿಗೆಂದು ಅದನ್ನು ಉಳಿಸಿಕೊಂಡಿದ್ದ ಕಪ್ಪೆಗೆ.

ಎಚ್ಚರ ಬೇಕಾಗಿರುವುದು ಬೇರೆ ಕಡೆ. ಕಣ್ಣಿನ ಹಿಂದೆ, ಎರಡೂ ಪಕ್ಕಗಳಲ್ಲಿ, ಅವರೆಕಾಳಿನಂತೆ ಉಬ್ಬಿದ ದೊಡ್ಡ ಗ್ರಂಥಿಗಳಿವೆ. ನಾಯಿಯೊಂದು ಕಚ್ಚಿದಾಗ ಇವುಗಳಿಂದ ಹಾಲಿನಂಥ ಬಿಳಿಯ ವಿಷ ಒಸರುತ್ತದೆ, ನಾಯಿಯ ಬಾಯಲ್ಲಿ ನೊರೆ ಬರುತ್ತದೆ. ಜೀವಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳನ್ನು ಸಾಗಿಸುವ ಪ್ರೊಟೀನನ್ನು ಈ ವಿಷ ತಡೆದು ನಿಲ್ಲಿಸುವುದರಿಂದ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಗಾಯವಿಲ್ಲದ ಚರ್ಮಕ್ಕೆ ತಾಗಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಕಣ್ಣಿಗೆ ತಾಗಿದರೆ ಉರಿಯುತ್ತದೆ, ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕಪ್ಪೆ ಮುಟ್ಟಿದ ಮಗುವಿಗೆ ಸೋಪು ಹಚ್ಚಿ ಕೈ ತೊಳೆಸಿ.

ಹಾಗಿದ್ದರೆ ಹಾವುಗಳು ಇದನ್ನು ನುಂಗಿಯೂ ಬದುಕುವುದು ಹೇಗೆ? ನೀವು ಇದನ್ನು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ನೆಲಗಪ್ಪೆಗಳನ್ನು ತಲೆತಲಾಂತರದಿಂದ ತಿನ್ನುತ್ತ ಬಂದ ಹಲವು ಹಾವುಗಳಲ್ಲಿ ಆ ಪ್ರೊಟೀನಿನ ರಚನೆ ತುಸು ಬದಲಾಗಿರುವುದರಿಂದ ವಿಷ ಅದಕ್ಕೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಜಪಾನಿನ ಒಂದು ಜಾತಿಯ ಹಾವಂತೂ ತಿಂದ ನೆಲಗಪ್ಪೆಯ ವಿಷವನ್ನೇ ತನ್ನ ಕತ್ತಿನ ಗ್ರಂಥಿಗಳಲ್ಲಿ ತುಂಬಿಕೊಂಡು ಆತ್ಮರಕ್ಷಣೆಗೆ ಬಳಸುತ್ತದೆ. ಆದರೆ ನೆಲಗಪ್ಪೆಗಳೇ ಇಲ್ಲದಿದ್ದ ಮಡಗಾಸ್ಕರ್ ದ್ವೀಪದ ಪ್ರಾಣಿಗಳಿಗೆ ಇಂಥ ಹೊಂದಾಣಿಕೆಗೆ ಅವಕಾಶವೇ ಸಿಕ್ಕಿರಲಿಲ್ಲ. ಏಷ್ಯಾದ ಇದೇ ನೆಲಗಪ್ಪೆ ಅಲ್ಲಿನ ಟೋಮಸೀನಾ ಬಂದರಿನ ಸುತ್ತ ನೆಲೆಯೂರಿರುವುದು 2014ರಲ್ಲಿ ಬೆಳಕಿಗೆ ಬಂದಿತು. ಅಲ್ಲಿನ ಬಹುಪಾಲು ಬೇಟೆ ಪ್ರಾಣಿಗಳಿಗೆ ಈ ವಿಷವನ್ನು ತಡೆದುಕೊಳ್ಳುವ ಶಕ್ತಿಯಿಲ್ಲವೆಂದು ಅವುಗಳ ಜೀನ್‌ಗಳ ಪರೀಕ್ಷೆ ತೋರಿಸಿದೆ.