ಗಬ್ಬದ ಆಡು ಹಿಂಡಿ ಬಿಟ್ಟಾಗ

ಕಾಸರಗೋಡೂ ಸೇರಿದಂತೆ ಉತ್ತರ ಕೇರಳದಲ್ಲಿ ಸಾಕುವ ಮಲಬಾರಿ ತಳಿಯ ಆಡನ್ನು ಜನ ಮೆಚ್ಚುವುದು, ಅದು ಒಂದೇ ಸೂಲಿಗೆ ಎರಡು, ಕೆಲವೊಮ್ಮೆ ಮೂರು ಮರಿ ಹಾಕುತ್ತದೆ ಎಂಬ ಕಾರಣಕ್ಕೆ. ಗಬ್ಬದ ಕೊನೆಯ ವಾರಗಳಲ್ಲಿ ತಾಯಿಯ ಜೀವ ತೆಗೆಯಬಲ್ಲ ಒಂದು ಕಾಯಿಲೆಗೆ ದಾರಿಯಾಗುವುದೂ ಇದೇ ಗುಣ. ಪಶುವೈದ್ಯರು ಇದನ್ನು ಗರ್ಭನಂಜು ಅಥವಾ ಪ್ರೆಗ್ನೆನ್ಸಿ ಟಾಕ್ಸೀಮಿಯ ಎನ್ನುತ್ತಾರೆ. ಹೊರಗಿನಿಂದ ಯಾವ ರೋಗಾಣುವೂ ಬಾರದೆ, ಮೇವು ಕಣ್ಣೆದುರು ತೂಗುತ್ತಿರುವಾಗಲೇ ಆಡಿನ ದೇಹ ಒಳಗಿಂದ ಹಸಿಯುವುದು ಈ ಕಾಯಿಲೆಯ ಸ್ವರೂಪ.

ಆಡಿನ ಗಬ್ಬದ ಅವಧಿ ಸುಮಾರು 150 ದಿನ. ಮರಿಗಳು ತಮ್ಮ ತೂಕದ ಹೆಚ್ಚಿನ ಪಾಲನ್ನು ಗಳಿಸುವುದು ಕೊನೆಯ ಆರು ವಾರಗಳಲ್ಲಿ, ಮತ್ತು ಅವುಗಳಿಗೆ ಮುಖ್ಯವಾಗಿ ಬೇಕಾಗಿರುವುದು ಗ್ಲೂಕೋಸ್. ಮೆಲುಕು ಹಾಕುವ ಪ್ರಾಣಿಗೆ ತಿಂದ ಸೊಪ್ಪಿನಿಂದ ನೇರವಾಗಿ ಗ್ಲೂಕೋಸ್ ಸಿಗುವುದು ತೀರಾ ಕಡಿಮೆ. ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿ ಕೊಡುವ ಪ್ರೊಪಿಯಾನಿಕ್ ಆಮ್ಲದಿಂದ ಪಿತ್ತಜನಕಾಂಗವು ಅದನ್ನು ತಯಾರಿಸಿಕೊಳ್ಳಬೇಕು. ಎರಡು ಮೂರು ಮರಿಗಳಿಂದ ಹಿಗ್ಗಿದ ಗರ್ಭಕೋಶ ಆ ಕೋಣೆಯನ್ನೇ ಒತ್ತುವುದರಿಂದ, ಹೆಚ್ಚು ತಿನ್ನಬೇಕಾದ ಹೊತ್ತಿನಲ್ಲಿ ಆಡು ಕಡಿಮೆ ತಿನ್ನುತ್ತದೆ. ಕೊರತೆ ತುಂಬಲು ದೇಹ ತನ್ನ ಕೊಬ್ಬನ್ನು ಕರಗಿಸುತ್ತದೆ. ಪಿತ್ತಜನಕಾಂಗಕ್ಕೆ ಅಷ್ಟನ್ನೂ ನಿಭಾಯಿಸಲಾಗದೆ ಸ್ವಲ್ಪ ಕೊಬ್ಬು ಅಲ್ಲೇ ಶೇಖರವಾಗುತ್ತದೆ, ಉಳಿದದ್ದು ಕೀಟೋನ್‌ಗಳಾಗಿ ರಕ್ತ ಸೇರುತ್ತದೆ. ಕೀಟೋನ್ ಏರಿದಂತೆ ಹಸಿವು ಇಂಗುತ್ತದೆ, ಹಸಿವು ಇಂಗಿದಂತೆ ಇನ್ನಷ್ಟು ಕೊಬ್ಬು ಕರಗುತ್ತದೆ. ಬಡಕಲು ಆಡಿಗೆ ಮಾತ್ರವಲ್ಲ, ಮೈತುಂಬ ಕೊಬ್ಬಿದ ಆಡಿಗೂ ಇದು ಬರುವುದು ಇದೇ ಕಾರಣದಿಂದ.

ಗುರುತಿಸುವುದು ಕಷ್ಟವಲ್ಲ, ಆದರೆ ಬೇಗ ಗುರುತಿಸಬೇಕು. ಹೆಚ್ಚಿನ ಆಡುಗಳು ಮೊದಲು ಬಿಡುವುದು ಹಿಂಡಿಯನ್ನು. ಹಲಸಿನ ಸೊಪ್ಪನ್ನು ಆಗಲೂ ಕಡಿಯುತ್ತಿರುವುದರಿಂದ ಮನೆಯವರಿಗೆ ಸಂಶಯ ಬರುವುದಿಲ್ಲ, ಅಮೂಲ್ಯವಾದ ಒಂದೆರಡು ದಿನ ಕಳೆದುಹೋಗುತ್ತದೆ. ಸಂಜೆ ಸೊಪ್ಪಿನ ಗೆಲ್ಲು ಕಟ್ಟುವಾಗ ಉಳಿದವೆಲ್ಲ ನುಗ್ಗಿ ಬಂದರೂ ಒಂದು ಮಾತ್ರ ಗೂಡಿನ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರೆ, ಏಳಲು ತಡಮಾಡಿದರೆ, ಕಾಲಿನ ಕೆಳಭಾಗ ಬಾತಿದ್ದರೆ, ಹಲ್ಲು ಕಡಿಯುತ್ತಿದ್ದರೆ ಅದರ ಮೂತಿಯ ಬಳಿ ಮುಖ ಒಯ್ದು ಉಸಿರನ್ನು ಮೂಸಿ ನೋಡಬೇಕು. ಕೊಳೆಯತೊಡಗಿದ ಹಣ್ಣಿನಂಥ ಸಿಹಿ ವಾಸನೆ ಅಸಿಟೋನ್ ಎಂಬ ಕೀಟೋನ್‌ನದು. ಎಲ್ಲರ ಮೂಗಿಗೂ ಅದು ಹತ್ತುವುದಿಲ್ಲ. ಮಲಗಿದ ಆಡನ್ನು ಎಬ್ಬಿಸಿದರೆ ಹೆಚ್ಚಾಗಿ ಮೂತ್ರ ಹೊಯ್ಯುತ್ತದೆ. ಅದನ್ನು ಒಂದು ಗೆರಟೆಯಲ್ಲಿ ಹಿಡಿದು, ಮಧುಮೇಹಿಗಳಿಗಾಗಿ ಮೆಡಿಕಲ್ ಶಾಪಿನಲ್ಲಿ ಮಾರುವ ಕೀಟೋನ್ ಪಟ್ಟಿಯನ್ನು ಅದ್ದಿದರೆ, ಬದಲಾದ ಬಣ್ಣ ಸಂಶಯವನ್ನು ಬಲಪಡಿಸುತ್ತದೆ. ಮಿದುಳಿಗೆ ಗ್ಲೂಕೋಸ್ ಸಾಲದಾದಾಗ ಆಡು ಎದುರಿನ ಗೋಡೆಯೂ ಕಾಣದಂತೆ ವರ್ತಿಸುತ್ತದೆ, ಕತ್ತು ಮೇಲೆತ್ತಿ ನಿಲ್ಲುತ್ತದೆ, ಕೊನೆಗೆ ಮಲಗಿಬಿಡುತ್ತದೆ. ಮಲಗಿದ ಮೇಲೆ ಉಳಿಸುವುದು ಬಹಳ ಕಷ್ಟ.

ಆದ್ದರಿಂದ ಹಿಂಡಿ ಬಿಟ್ಟ ದಿನವೇ ವೈದ್ಯರಿಗೆ ತಿಳಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಡೆದಾಡುವ ಹಂತದಲ್ಲಿ ಅವರು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಸುಮಾರು 60 ಮಿಲಿಲೀಟರ್ ಪ್ರೊಪೈಲೀನ್ ಗ್ಲೈಕಾಲ್ ಕುಡಿಸಲು ಹೇಳುತ್ತಾರೆ, ಏಕೆಂದರೆ ಪಿತ್ತಜನಕಾಂಗ ಅದನ್ನು ಗ್ಲೂಕೋಸ್ ಆಗಿ ಮಾರ್ಪಡಿಸಬಲ್ಲದು. ಬೆಲ್ಲದ ನೀರು ಇದಕ್ಕೆ ಬದಲಿಯಲ್ಲ, ಅದರ ಸಕ್ಕರೆಯ ಬಹುಪಾಲು ಹೊಟ್ಟೆಯಲ್ಲೇ ಹುದುಗಿಹೋಗುತ್ತದೆ. ನುಂಗಲಾರದೆ ಮಲಗಿರುವ ಆಡಿನ ಬಾಯಿಗೆ ಏನನ್ನು ಸುರಿದರೂ ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಆಪತ್ತು ತರಬಹುದು. ಕಾಯಿಲೆ ಬಲಿತರೆ ರಕ್ತನಾಳದ ಮೂಲಕ ಗ್ಲೂಕೋಸ್ ಕೊಡಬೇಕಾಗುತ್ತದೆ, ಕೆಲವೊಮ್ಮೆ ತಾಯಿಯನ್ನು ಉಳಿಸಲು ಮರಿಗಳನ್ನು ಅವಧಿಗೆ ಮುನ್ನವೇ ಹೊರತೆಗೆಯಬೇಕಾಗುತ್ತದೆ. ಆ ತೀರ್ಮಾನಕ್ಕೆ ಹೋತ ಹಾರಿಸಿದ ತಾರೀಕು ಗೊತ್ತಿರಬೇಕು, ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಟ್ಟರೆ ಸಾಕು.

ಕೊನೆಯ ದಿನಗಳಲ್ಲಿ ಕ್ಯಾಲ್ಸಿಯಂ ಕೊರತೆಯಿಂದಲೂ ಆಡು ನಡುಗಿ ಬೀಳಬಹುದು, ಎರಡೂ ಒಟ್ಟಿಗೆ ಬರುವುದೂ ಉಂಟು. ಆಡಿನ ಸಹಜ ಉಷ್ಣತೆ ಸುಮಾರು 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್. ಗರ್ಭನಂಜಿನಲ್ಲಿ ಅದು ಸಾಮಾನ್ಯವಾಗಿ ಏರುವುದಿಲ್ಲ, ಏರಿದ್ದರೆ ಸೋಂಕನ್ನು ಶಂಕಿಸಬೇಕು. ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ನೋಡಿದಾಗ ಒಳಭಾಗ ಕೆಂಪಾಗಿರದೆ ಬಿಳಿಚಿಕೊಂಡಿದ್ದರೆ, ಮಳೆಗಾಲದಲ್ಲಿ ಹೆಚ್ಚುವ ರಕ್ತ ಹೀರುವ ಜಂತುಹುಳು ಕಾರಣವಿರಬಹುದು. ಹುಳದ ಮದ್ದನ್ನೂ ಕೇಳಿಯೇ ಕೊಡಬೇಕು, ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಮರಿಗೆ ಅಪಾಯಕಾರಿ.

ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಆಡುಗಳನ್ನು ದಿನಗಟ್ಟಲೆ ಗೂಡಿನಿಂದ ಹೊರಬಿಡುವುದಿಲ್ಲ. ನೀರು ತುಂಬಿದ ಎಳೆ ಸೊಪ್ಪಿನಿಂದ ಹೊಟ್ಟೆ ತುಂಬಿದಂತೆ ಕಂಡರೂ ಸತ್ವ ಸಾಲುವುದಿಲ್ಲ. ಕೊನೆಯ ಆರು ವಾರ ಹಿಂಡಿ, ಧಾನ್ಯಗಳನ್ನು ನಿಧಾನವಾಗಿ ಹೆಚ್ಚಿಸುತ್ತ ದಿನಕ್ಕೆ 200ರಿಂದ 300 ಗ್ರಾಂನಷ್ಟನ್ನು ಎರಡು ಹೊತ್ತಿಗೆ ಹಂಚಿ ಕೊಡುವುದು ಒಳ್ಳೆಯದು. ಒಮ್ಮೆಗೇ ಅನ್ನವನ್ನೋ ಹಲಸಿನ ಹಣ್ಣನ್ನೋ ರಾಶಿ ಹಾಕಿದರೆ ಹೊಟ್ಟೆಯಲ್ಲಿ ಆಮ್ಲ ಏರಿ ಅದೇ ಪ್ರಾಣಕ್ಕೆ ಎರವಾಗುತ್ತದೆ.

ಆಡು ಕಂದು ಹಾಕಿದರೆ, ಅಂದರೆ ಗರ್ಭಪಾತವಾದರೆ, ಎಚ್ಚರಿಕೆ ಮನೆಯವರ ಕುರಿತೂ ಬೇಕು. ಬ್ರುಸೆಲ್ಲಾ, ಕ್ಲಮೈಡಿಯ, ಕ್ಯೂ ಜ್ವರದಂಥ ಸೋಂಕುಗಳು ಸತ್ತ ಮರಿ ಮತ್ತು ಮಾಸಿನ ಮೂಲಕ ಮನುಷ್ಯರಿಗೆ ದಾಟುತ್ತವೆ. ಗರ್ಭಿಣಿಯರು ಅದರ ಹತ್ತಿರವೇ ಸುಳಿಯಬಾರದು, ಉಳಿದವರು ಕೈಗವಸು ಹಾಕಿಯೇ ಮುಟ್ಟಬೇಕು. ನಾಯಿಗೆ ಸಿಗದಂತೆ ಮುಚ್ಚಿಟ್ಟು ವೈದ್ಯರಿಗೆ ತೋರಿಸಿ, ಆಮೇಲೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹುಗಿಯಬೇಕು. ಮೃಗಾಸ್ಪತ್ರೆ ಮುಚ್ಚಿದ ಹೊತ್ತಾದರೆ ಸಂಚಾರಿ ಪಶುಚಿಕಿತ್ಸೆಯ 1962 ಸಂಖ್ಯೆಗೆ ಕರೆ ಮಾಡಿ, ಗಬ್ಬದ ತಿಂಗಳು, ಮೇವು ಬಿಟ್ಟು ಎಷ್ಟು ಹೊತ್ತಾಯಿತು, ಉಷ್ಣತೆ ಎಷ್ಟಿದೆ, ಆಡು ನಿಂತಿದೆಯೇ ಮಲಗಿದೆಯೇ ಎಂಬುದನ್ನು ಮೊದಲೇ ಹೇಳಿಬಿಡಬೇಕು.