ಸಣ್ಣ ಜಲವಿದ್ಯುತ್ ಸ್ಥಾವರಗಳಿಗೆ ಯುರೋಪಿನಲ್ಲೇ ವಿರೋಧವೇಕೆ?

ಓದುಗರ ಪ್ರಶ್ನೆ: ದೊಡ್ಡ ಅಣೆಕಟ್ಟು ಕಟ್ಟಿದರೆ ಕಾಡು ಮುಳುಗುತ್ತದೆ, ಊರುಗಳು ಎತ್ತಂಗಡಿಯಾಗುತ್ತವೆ. ಸಣ್ಣ ಜಲವಿದ್ಯುತ್ ಸ್ಥಾವರಗಳಲ್ಲಿ ಮುಳುಗಡೆಯೂ ಇಲ್ಲ, ಹೊಗೆಯೂ ಇಲ್ಲ. ಹಾಗಿರುವಾಗ ನವೀಕರಿಸಬಹುದಾದ ಇಂಧನಕ್ಕೆ ಅಷ್ಟೊಂದು ಒತ್ತು ಕೊಡುವ ಯುರೋಪಿನಲ್ಲೇ ಇವುಗಳನ್ನು ಪರಿಸರಪ್ರಿಯರು ಏಕೆ ವಿರೋಧಿಸುತ್ತಾರೆ? ಸ್ಥಾವರ ಸಣ್ಣದಾದರೆ ಹಾನಿಯೂ ಸಣ್ಣದೇ ಅಲ್ಲವೇ?

ಉತ್ತರ: ಹಾಗೆ ಹೇಳಲು ಬರುವುದಿಲ್ಲ. ಮೆಗಾವ್ಯಾಟ್ ಲೆಕ್ಕದಲ್ಲಿ ಸಣ್ಣದಾದ ಸ್ಥಾವರವೊಂದು ತಾನು ನಿಂತ ಹಳ್ಳವನ್ನು ಪೂರ್ತಿಯಾಗಿ ಬತ್ತಿಸಬಹುದು. ಅಷ್ಟೇ ಸಾಮರ್ಥ್ಯದ ಇನ್ನೊಂದು ಸ್ಥಾವರ ನದಿಗೆ ಹೊಸದಾಗಿ ಯಾವ ತೊಂದರೆಯನ್ನೂ ಕೊಡದೆ ದಶಕಗಳ ಕಾಲ ವಿದ್ಯುತ್ ಕೊಡಬಹುದು. ವ್ಯತ್ಯಾಸವಿರುವುದು ಅದನ್ನು ಎಲ್ಲಿ ಕಟ್ಟಲಾಗಿದೆ ಮತ್ತು ನೀರನ್ನು ಎಲ್ಲಿಂದ ತೆಗೆದು ಎಲ್ಲಿಗೆ ಬಿಡಲಾಗುತ್ತಿದೆ ಎಂಬುದರಲ್ಲಿ.

ಯುರೋಪಿನಲ್ಲಿ ಸಾಮಾನ್ಯವಾಗಿ 10 ಮೆಗಾವ್ಯಾಟ್‌ವರೆಗಿನ ಸ್ಥಾವರಗಳನ್ನು ಸಣ್ಣವು ಎನ್ನುತ್ತಾರೆ. ಭಾರತದಲ್ಲಿ ಈ ಮಿತಿ 25 ಮೆಗಾವ್ಯಾಟ್ ಆಗಿರುವುದರಿಂದ ಎರಡೂ ಕಡೆಯ ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಐರೋಪ್ಯ ಒಕ್ಕೂಟದಲ್ಲಿರುವ ಜಲವಿದ್ಯುತ್ ಸ್ಥಾವರಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಈ ಸಣ್ಣ ವರ್ಗಕ್ಕೆ ಸೇರುತ್ತವೆಯಾದರೂ, ಒಟ್ಟು ಜಲವಿದ್ಯುತ್ತಿನಲ್ಲಿ ಅವುಗಳ ಪಾಲು ಸರಿಸುಮಾರು ಎಂಟನೇ ಒಂದು ಭಾಗ ಮಾತ್ರ. ಸಾವಿರಾರು ನದಿ, ಹಳ್ಳಗಳನ್ನು ಮುಟ್ಟಿ ಪಡೆಯುವ ವಿದ್ಯುತ್ತು ಇಷ್ಟೇ ಎಂಬುದು ವಿರೋಧಿಗಳ ಮೊದಲ ಆಕ್ಷೇಪ.

ಸ್ಥಾವರಗಳು ಬೆಟ್ಟದ ಹಳ್ಳಗಳನ್ನೇ ಏಕೆ ಹುಡುಕಿಕೊಂಡು ಹೋಗುತ್ತವೆ ಎಂಬುದು ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ಸೆಕೆಂಡಿಗೆ ಹರಿಯುವ ನೀರಿನ ಘನ ಮೀಟರ್, ಅದು ಇಳಿಯುವ ಎತ್ತರದ ಮೀಟರ್, ಯಂತ್ರದ ದಕ್ಷತೆ ಹಾಗೂ 9.81 ಇವಿಷ್ಟನ್ನೂ ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಎರಡೂವರೆ ಮೀಟರ್ ಇಳಿದರೆ, ದಕ್ಷತೆ ಶೇ 80 ಎಂದಿಟ್ಟುಕೊಂಡರೂ ಬರುವುದು 20 ಕಿಲೋವ್ಯಾಟ್‌ಗಿಂತ ಕಡಿಮೆ. ಅದೇ ನೀರನ್ನು 100 ಮೀಟರ್ ಇಳಿಸಿದರೆ ಸುಮಾರು 785 ಕಿಲೋವ್ಯಾಟ್ ಸಿಗುತ್ತದೆ. ಆದ್ದರಿಂದ ಹಣ ಹೂಡುವವರಿಗೆ ಕಡಿದಾದ ಕಣಿವೆಯ ಹಳ್ಳವೇ ಬೇಕು.

ಅಂಥ ಸ್ಥಾವರವೊಂದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಲ್ಪ್ಸ್ ಮತ್ತು ಬಾಲ್ಕನ್ ಪರ್ವತಗಳಲ್ಲಿ ಹಳ್ಳದ ತಳಕ್ಕೆ ಅಡ್ಡವಾಗಿ ಕಬ್ಬಿಣದ ಸರಳುಗಳ ಜಾಲರಿಯೊಂದನ್ನು ಹಾಸಿರುತ್ತಾರೆ. ಕಲ್ಲುಗಳು ಅದರ ಮೇಲಿಂದ ಉರುಳಿಹೋಗುತ್ತವೆ. ನೀರು ಸರಳುಗಳ ನಡುವಿನಿಂದ ಕೆಳಗಿನ ತೊಟ್ಟಿಗೆ ಬಿದ್ದು, ಹೂಳು ಇಳಿದ ಮೇಲೆ ಕೊಳವೆಯನ್ನು ಸೇರುತ್ತದೆ. ಕೊಳವೆ ನೂರಾರು ಮೀಟರ್, ಕೆಲವೆಡೆ ಹಲವು ಕಿಲೋಮೀಟರ್ ಉದ್ದಕ್ಕೆ ಸಾಗಿ ಕೆಳಗಿನ ಟರ್ಬೈನ್ ಮನೆಗೆ ತಲುಪುತ್ತದೆ, ಅಲ್ಲಿಂದ ನೀರನ್ನು ಮತ್ತೆ ಹಳ್ಳಕ್ಕೆ ಬಿಡುತ್ತಾರೆ. ನೀರು ಖರ್ಚಾಗುವುದಿಲ್ಲ ಎಂಬ ಮಾತು ಈ ಅರ್ಥದಲ್ಲಿ ನಿಜ. ಆದರೆ ಜಾಲರಿಗೂ ಟರ್ಬೈನ್ ಮನೆಗೂ ನಡುವಿನ ಹಳ್ಳದಲ್ಲಿ ಉಳಿಯುವುದು ಕಾನೂನು ಬಿಡಲು ಹೇಳಿದಷ್ಟು ನೀರು ಮಾತ್ರ, ಮೇಲ್ವಿಚಾರಣೆ ಸಡಿಲವಾದಲ್ಲಿ ಅಷ್ಟೂ ಇಲ್ಲ. ಟ್ರೌಟ್ ಮೀನು ಮೊಟ್ಟೆಯಿಡುವ ಜಲ್ಲಿಕಲ್ಲಿನ ತಳ, ಹುಳುಹುಪ್ಪಟೆಗಳು, ಅಕ್ಕಪಕ್ಕದ ಬಾವಿಯ ಒರತೆ, ದನಕರುಗಳಿಗೆ ನೀರು ಕುಡಿಸುವ ಜಾಗ ಎಲ್ಲವೂ ಆ ನಡುವಿನ ಭಾಗದಲ್ಲೇ ಇರುತ್ತವೆ. ಇವೆಲ್ಲ ಹಾಳಾಗಲು ಮುಳುಗಡೆಯೇ ಬೇಕಾಗಿಲ್ಲ.

ಇಂಥ ಸ್ಥಾವರಗಳಿಗೆ ಪ್ರೋತ್ಸಾಹ ಸಿಕ್ಕಿದ್ದು ಒಳ್ಳೆಯ ಉದ್ದೇಶದಿಂದಲೇ. ಖಾಸಗಿಯವರು ಉತ್ಪಾದಿಸಿದ ನವೀಕರಿಸಬಹುದಾದ ವಿದ್ಯುತ್ತನ್ನು ಗ್ರಿಡ್‌ನವರು ನಿಗದಿತ ದರಕ್ಕೆ ಕೊಳ್ಳಲೇಬೇಕು ಎಂಬ ಕಾನೂನು ಜರ್ಮನಿಯಲ್ಲಿ 1991ರಿಂದ ಜಾರಿಗೆ ಬಂತು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ಬವೇರಿಯಾದ ಸಣ್ಣ ಜಲವಿದ್ಯುತ್ ಸ್ಥಾವರಗಳ ಮಾಲೀಕರೇ ಮುಂದಿದ್ದರು. ಇಂದು ಗಾಳಿ ಮತ್ತು ಸೌರ ವಿದ್ಯುತ್ತಿನ ದೊಡ್ಡ ಕಥೆಯಾಗಿ ನಾವು ಓದುವ ಕಾನೂನಿನ ಬೇರು ಹಳೆಯ ಗಿರಣಿ ಕಾಲುವೆಗಳಲ್ಲಿದೆ ಎಂಬುದನ್ನು ಮರೆಯಬಾರದು. ಆಮೇಲೆ ಐರೋಪ್ಯ ಒಕ್ಕೂಟ 2001ರಲ್ಲಿ ನವೀಕರಿಸಬಹುದಾದ ವಿದ್ಯುತ್ತಿಗೆ ಗುರಿಗಳನ್ನು ನಿಗದಿಪಡಿಸಿತು. 2009ರ ನಿರ್ದೇಶನವು 2020ರ ವೇಳೆಗೆ ಒಟ್ಟು ಇಂಧನ ಬಳಕೆಯ ಶೇ 20ರಷ್ಟು ನವೀಕರಿಸಬಹುದಾದ ಮೂಲಗಳಿಂದ ಬರಬೇಕೆಂದಿತು. 2023ರ ತಿದ್ದುಪಡಿ 2030ರ ಗುರಿಯನ್ನು ಶೇ 42.5ಕ್ಕೆ ಏರಿಸಿತು. ಒಕ್ಕೂಟದ ಹೊರಗಿನ ಬಾಲ್ಕನ್ ದೇಶಗಳು ಕೂಡ ಒಕ್ಕೂಟದೊಂದಿಗೆ ಮಾಡಿಕೊಂಡ ಇಂಧನ ಸಮುದಾಯ ಒಪ್ಪಂದದ ಮೂಲಕ ಇದೇ ನಿಯಮಗಳಿಗೆ ಬದ್ಧವಾದವು. ಗುರಿ ತಲುಪಲು ಅವು ಹಿಡಿದ ಸುಲಭದ ದಾರಿ, ಬೆಟ್ಟದ ಹಳ್ಳಗಳಿಗೆ ಕೊಳವೆ ಹಾಕುವವರಿಗೆ ವರ್ಷಾನುಗಟ್ಟಲೆ ಖಾತರಿ ದರ ಕೊಡುವುದು.

ಪರಿಣಾಮವನ್ನು ಬೋಸ್ನಿಯಾದ ಕ್ರುಶ್ಚಿತ್ಸಾ ಎಂಬ ಹಳ್ಳಿ ತೋರಿಸಿಕೊಟ್ಟಿತು. ಅಲ್ಲಿನ ಹೊಳೆಗೆ ಯೋಜಿಸಿದ್ದ ಸಣ್ಣ ಸ್ಥಾವರಗಳ ಯಂತ್ರೋಪಕರಣ ಒಳಬರದಂತೆ ಊರಿನ ಹೆಂಗಸರು 2017ರ ಆಗಸ್ಟ್‌ನಿಂದ 500ಕ್ಕೂ ಹೆಚ್ಚು ದಿನ ಸೇತುವೆಯ ಮೇಲೆ ಪಾಳಿಯಲ್ಲಿ ಕುಳಿತು ಕಾವಲು ಕಾದರು. ಪೊಲೀಸರು ಬಲ ಪ್ರಯೋಗಿಸಿದರೂ ಅವರು ಜಾಗ ಬಿಡಲಿಲ್ಲ, ಕೊನೆಗೆ ಪರವಾನಗಿಗಳು ರದ್ದಾದವು. ಕುಡಿಯುವ ನೀರು ತರುವ ಹೊಳೆಗಾಗಿ ನಡೆದ ಹೋರಾಟ ಅದು. ಅದನ್ನು ಇಂಧನ ಪರಿವರ್ತನೆಗೆ ವಿರೋಧ ಎಂದು ಹಣೆಪಟ್ಟಿ ಹಚ್ಚುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. 2022ರಲ್ಲಿ ಬೋಸ್ನಿಯಾ ಮತ್ತು ಹೆರ್ಜೆಗೊವಿನಾದ ಫೆಡರೇಶನ್ ಭಾಗದ ಸಂಸತ್ತು ಹೊಸ ಸಣ್ಣ ಜಲವಿದ್ಯುತ್ ಸ್ಥಾವರಗಳನ್ನು ನಿಷೇಧಿಸಿತು. ಮರುವರ್ಷ ಅಲ್ಬೇನಿಯಾ ಸರ್ಕಾರ ಅಣೆಕಟ್ಟು ಯೋಜನೆಗಳ ಭೀತಿಯಲ್ಲಿದ್ದ ವ್ಯೋಸಾ ನದಿಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು.

ಬಯಲಿನ ನದಿಗಳಲ್ಲಿ ಸಮಸ್ಯೆ ಬೇರೆ. ಅಲ್ಲಿ ಕೊಳವೆಗಿಂತ ಒಡ್ಡುಗಳದ್ದೇ ತೊಡಕು. ಯುರೋಪಿನ ನದಿಗಳಲ್ಲಿ ದೊಡ್ಡವು, ಸಣ್ಣವು ಸೇರಿ ಕನಿಷ್ಠ 12 ಲಕ್ಷ ಅಡೆತಡೆಗಳಿವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಸಮುದ್ರದಲ್ಲಿ ಮೊಟ್ಟೆಯಿಡಲು ಹೊರಡುವ ಯುರೋಪಿನ ಹಾವುಮೀನಿನ ಮೈ ಉದ್ದವಾಗಿರುವುದರಿಂದ ಅದು ವೇಗವಾಗಿ ತಿರುಗುವ ಟರ್ಬೈನ್ ಅಲಗಿಗೆ ಸಿಕ್ಕುವ ಸಂಭವ ಹೆಚ್ಚು. ಈಗಾಗಲೇ ಅಳಿವಿನ ಅಂಚಿನಲ್ಲಿರುವ ಈ ಮೀನನ್ನು ಉಳಿಸಲು ಐರೋಪ್ಯ ಒಕ್ಕೂಟ 2007ರಲ್ಲಿ ಪ್ರತ್ಯೇಕ ನಿಯಮವನ್ನೇ ಮಾಡಬೇಕಾಯಿತು. ಮೀನುಗಳು ಮೇಲೇರಲು ಮೆಟ್ಟಿಲು ಕಟ್ಟುವುದು ವಾಡಿಕೆಯಾದರೂ, ಕೆಳಗೆ ಇಳಿಯುವ ಮೀನಿಗೆ ಸುರಕ್ಷಿತ ದಾರಿ ಮಾಡುವುದು ಅದಕ್ಕಿಂತ ಕಷ್ಟದ ಕೆಲಸ.

ಕಾನೂನಿನಲ್ಲಿಯೂ ಈ ಎಳೆದಾಟ ಕಾಣುತ್ತದೆ. 2000ದ ಜಲ ನಿರ್ದೇಶನದ ಪ್ರಕಾರ ಸದಸ್ಯ ದೇಶಗಳು ನದಿಗಳನ್ನು ಒಳ್ಳೆಯ ಸ್ಥಿತಿಗೆ ತರಬೇಕು, ಇರುವ ಸ್ಥಿತಿ ಕೆಡಲು ಬಿಡಬಾರದು. ವಿನಾಯಿತಿ ಉಂಟು, ಆದರೆ ಯೋಜನೆಯಿಂದಾಗುವ ಸಾರ್ವಜನಿಕ ಹಿತ ದೊಡ್ಡದೆಂದು ತೋರಿಸಬೇಕು. ಆಸ್ಟ್ರಿಯಾದ ಶ್ವಾರ್ಟ್ಸೆ ಸುಲ್ಮ್ ಎಂಬ ನದಿಯ ಜಲವಿದ್ಯುತ್ ಯೋಜನೆಗೆ ಕೊಟ್ಟ ಅನುಮತಿಯನ್ನು ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ಪ್ರಶ್ನಿಸಿದಾಗ, ಅಂಥ ಯೋಜನೆಯಲ್ಲಿ ಸಾರ್ವಜನಿಕ ಹಿತವಿರಬಹುದೆಂದು ಒಪ್ಪಿ ಒಕ್ಕೂಟದ ನ್ಯಾಯಾಲಯ 2016ರಲ್ಲಿ ಆಯೋಗದ ಅರ್ಜಿಯನ್ನು ವಜಾ ಮಾಡಿತು. ಜರ್ಮನಿಯಲ್ಲಿ 2022ರಲ್ಲಿ 500 ಕಿಲೋವ್ಯಾಟ್‌ಗಿಂತ ಸಣ್ಣ ಸ್ಥಾವರಗಳಿಗೆ ಬೆಂಬಲ ನಿಲ್ಲಿಸುವ ಪ್ರಸ್ತಾವ ಬಂದಾಗ ಸ್ಥಾವರಗಳ ಮಾಲೀಕರು ಪ್ರತಿಭಟಿಸಿದರು, ಸರ್ಕಾರ ಅದನ್ನು ಕೈಬಿಟ್ಟಿತು.

ಹಾಗಾದರೆ ಪ್ರೋತ್ಸಾಹಕ್ಕೆ ಯೋಗ್ಯವಾದ ಸಣ್ಣ ಸ್ಥಾವರ ಯಾವುದು? ಇಂಗ್ಲೆಂಡಿನ ಡರ್ಬಿಶೈರ್‌ನ ನ್ಯೂ ಮಿಲ್ಸ್ ಪಟ್ಟಣದಲ್ಲಿ ಹಳೆಯ ಹತ್ತಿ ಗಿರಣಿಗೆಂದು ಕಟ್ಟಿದ ಒಡ್ಡೊಂದು ಉಳಿದಿತ್ತು. 2008ರಲ್ಲಿ ಊರಿನವರೇ ಷೇರು ಕೊಂಡು ಸಹಕಾರ ಸಂಘ ಮಾಡಿಕೊಂಡು, ಅಲ್ಲಿ 63 ಕಿಲೋವ್ಯಾಟ್‌ನ ಆರ್ಕಿಮಿಡೀಸ್ ತಿರುಪು ಯಂತ್ರವನ್ನು ಕೂರಿಸಿದರು. ನೀರೆತ್ತಲು ಪ್ರಾಚೀನರು ಬಳಸಿದ ಸುರುಳಿಯನ್ನೇ ಇಲ್ಲಿ ತಿರುಗುಮುರುಗು ಮಾಡಲಾಗಿದೆ: ಓರೆಯಾಗಿಟ್ಟ ಉಕ್ಕಿನ ಸುರುಳಿಯ ಮೇಲ್ತುದಿಗೆ ಬಿದ್ದ ನೀರು ತನ್ನ ಭಾರದಿಂದಲೇ ಅದನ್ನು ನಿಧಾನವಾಗಿ ತಿರುಗಿಸುತ್ತ ಕೆಳಗಿಳಿಯುತ್ತದೆ. ಒತ್ತಡ ಕಡಿಮೆ, ವೇಗ ಕಡಿಮೆ, ಸುರುಳಿಗಳ ನಡುವೆ ಜಾಗ ಧಾರಾಳ. ಹಾಗಾಗಿ ಬಹುತೇಕ ಮೀನುಗಳು ಪೆಟ್ಟಾಗದೆ ಹಾದುಹೋಗುತ್ತವೆ. ಮುಖ್ಯವಾಗಿ, ನದಿಗೆ ಹೊಸ ಅಡ್ಡಗಟ್ಟು ಹಾಕಲಿಲ್ಲ. ಆದರೂ ಹಳೆಯ ಒಡ್ಡು ಇದೆಯೆಂಬುದೇ ಸಾಕಾಗುವುದಿಲ್ಲ. ಅದನ್ನು ತೆಗೆದುಹಾಕಿದರೆ ನದಿಗೆ ಹೆಚ್ಚು ಲಾಭವೇ ಎಂದು ಮೊದಲು ಕೇಳಬೇಕು, ಏಕೆಂದರೆ ಟರ್ಬೈನ್ ಕೂರಿಸಿದ ಮೇಲೆ ಆ ಒಡ್ಡು ಇನ್ನೂ ಹಲವು ದಶಕ ಅಲ್ಲೇ ಉಳಿಯುವುದು ಖಚಿತ.

ಇದಕ್ಕಿಂತ ನಿರ್ವಿವಾದವಾದ ದಾರಿ ಕುಡಿಯುವ ನೀರಿನ ಕೊಳವೆಗಳದ್ದು. ವಿಯೆನ್ನಾ ನಗರಕ್ಕೆ ಆಲ್ಪ್ಸ್‌ನ ಒರತೆಗಳ ನೀರು ಇಳಿಜಾರಿನಲ್ಲೇ ಹರಿದು ಬರುತ್ತದೆ. ಹೇಗೂ ತಗ್ಗಿಸಲೇಬೇಕಾದ ಒತ್ತಡವನ್ನು ದಾರಿಯಲ್ಲಿ ಟರ್ಬೈನ್‌ಗಳ ಮೂಲಕ ವಿದ್ಯುತ್ತಾಗಿ ಪರಿವರ್ತಿಸುತ್ತಾರೆ. ಅಲ್ಲಿ ವಿದ್ಯುತ್ತಿಗೆಂದು ಯಾವ ಹಳ್ಳದಿಂದಲೂ ಹೆಚ್ಚುವರಿ ನೀರು ತೆಗೆಯಬೇಕಾಗಿಲ್ಲ. ಸ್ವಿಟ್ಜರ್‌ಲೆಂಡ್ 2018ರಿಂದ ಜಾರಿಗೆ ತಂದ ಇಂಧನ ಕಾಯ್ದೆ ಈ ವ್ಯತ್ಯಾಸವನ್ನು ಸರಿಯಾಗಿ ಹಿಡಿದಿತ್ತು ಎಂದು ನನಗನ್ನಿಸುತ್ತದೆ: ಹೊಸ ಸ್ಥಾವರಗಳಿಗೆ ಖಾತರಿ ದರ ಸಿಗುತ್ತಿದ್ದ 2022ರ ಕೊನೆಯವರೆಗೆ, ನದಿಯ ಮೇಲಿನ ಹೊಸ ಸ್ಥಾವರ 1 ಮೆಗಾವ್ಯಾಟ್‌ಗಿಂತ ಚಿಕ್ಕದಾದರೆ ಆ ದರ ಇರಲಿಲ್ಲ, ಕುಡಿಯುವ ನೀರು ಅಥವಾ ಕೊಳಚೆ ನೀರಿನ ಕೊಳವೆಗೆ ಹೊಂದಿಸಿದ ಸ್ಥಾವರ ಎಷ್ಟೇ ಚಿಕ್ಕದಿದ್ದರೂ ಆ ಮಿತಿ ಅನ್ವಯಿಸುತ್ತಿರಲಿಲ್ಲ.