ಮೂಗಿನ ಮೇಲೊಂದು ಇಂಜಿನ್, ಬೆನ್ನಿನ ಮೇಲೊಂದು ಗೂನು

ಲಂಡನ್‌ನಿಂದ ಮೆಲ್ಬರ್ನ್‌ಗೆ 1934ರ ಅಕ್ಟೋಬರ್‌ನಲ್ಲಿ ದೊಡ್ಡದೊಂದು ವಿಮಾನ ಪಂದ್ಯ ನಡೆಯಿತು. ಅದನ್ನು ಕಣ್ಣಲ್ಲಿಟ್ಟುಕೊಂಡು ಇಟಲಿಯ ಸೆಸ್ತೊ ಕಲೆಂದೆಯಲ್ಲಿ ಅಲೆಸ್ಸಾಂದ್ರೊ ಮಾರ್ಕೆಟ್ಟಿ ಎಂಬ ವಿನ್ಯಾಸಕಾರ ಎಂಟು ಪ್ರಯಾಣಿಕರು ಕೂರುವ ವೇಗದ ವಿಮಾನವೊಂದನ್ನು ರೂಪಿಸುತ್ತಿದ್ದ. ಪಂದ್ಯದ ದಿನಕ್ಕೆ ಅದು ಅಣಿಯಾಗಲಿಲ್ಲ. ಆದರೆ ಹಾರಿದ ಮೇಲೆ ಅದರ ವೇಗ ನೋಡಿದ ವಾಯುಪಡೆ, ಇದಕ್ಕೆ ಬಾಂಬು ಕಟ್ಟಿದರೆ ಹೇಗೆ ಎಂದಿತು. ಸವೋಯಾ-ಮಾರ್ಕೆಟ್ಟಿ ಎಸ್‌ಎಂ.79 ಬಾಂಬರ್ ಹುಟ್ಟಿದ್ದು ಹಾಗೆ. ಮುಂದೆ ಅದಕ್ಕೆ ‘ಸ್ಪಾರ್ವಿಯೆರೊ’ ಎಂಬ ಹೆಸರಾಯಿತು. ಡೇಗೆಯ ಜಾತಿಯ ಸಣ್ಣ ಬೇಟೆಹಕ್ಕಿ ಅದು.

ಈ ವಿಮಾನದ ಹಣೆಬರಹವನ್ನೆಲ್ಲ ಬರೆದದ್ದು ಮೂಗಿನ ಮೇಲಿದ್ದ ಮೂರನೇ ಇಂಜಿನ್. ಸಾವಿರ ಅಶ್ವಶಕ್ತಿಯ ನಂಬಿಕಸ್ತ ಇಂಜಿನ್ ಆಗ ಇಟಲಿಯ ಕೈಲಿರಲಿಲ್ಲ. ಎರಡರಲ್ಲಿ ಆಗದ ಕೆಲಸಕ್ಕೆ ಮೂರು ಬೇಕಾಯಿತು. ಬಾಂಬರ್‌ಗೆ ಹಾಕಿದ್ದು ಆಲ್ಫಾ ರೋಮಿಯೊದ ಸುಮಾರು 750 ಅಶ್ವಶಕ್ತಿಯ ಮೂರು ಇಂಜಿನ್. ಉಕ್ಕಿನ ಕೊಳವೆಗಳನ್ನು ಬೆಸೆದ ಒಡಲು, ಅದರ ಮೇಲೆ ಒಂದಷ್ಟು ಲೋಹದ ತಗಡು, ಒಂದಷ್ಟು ಪ್ಲೈವುಡ್, ಉಳಿದಲ್ಲಿ ಬಟ್ಟೆ. ರೆಕ್ಕೆಗಳೋ ಪೂರ್ತಿ ಮರದ್ದು. ಹಾಗಿದ್ದೂ ಗಂಟೆಗೆ 430 ಕಿಲೋಮೀಟರ್ ಓಡುತ್ತಿತ್ತು. 1930ರ ದಶಕದ ನಡುವಿನಲ್ಲಿ ಅದನ್ನು ಬೆನ್ನಟ್ಟಿ ಹಿಡಿಯುವ ಫೈಟರ್‌ಗಳು ಬೆರಳೆಣಿಕೆಯಷ್ಟೇ.

ಮಾಮೂಲಿ ಬಾಂಬರ್‌ಗಳಲ್ಲಿ ಗುರಿ ಹಿಡಿಯುವವನು ಗಾಜಿನ ಮೂಗಿನಲ್ಲಿ ಕೂರುತ್ತಾನೆ. ಇಲ್ಲಿ ಆ ಜಾಗವನ್ನು ಇಂಜಿನ್ ನುಂಗಿತ್ತು. ಪಾಪ, ಅವನನ್ನು ವಿಮಾನದ ಹೊಟ್ಟೆಯಡಿ ತೊಟ್ಟಿಲಿನಂಥ ಒಂದು ಗೂಡಿಗೆ ತಳ್ಳಿದರು. ಎದುರಿಗೆ ಗುಂಡು ಹಾರಿಸಲು ಮೂಗಿನಲ್ಲಿ ಮೆಷಿನ್ ಗನ್ನಿಗೂ ಎಡೆಯಿರಲಿಲ್ಲ. ಪೈಲಟ್‌ಗಳ ತಲೆಯ ಮೇಲೆ ಗೂನು ಎಬ್ಬಿಸಿ, ಮುಂದಕ್ಕೊಂದು ಹಿಂದಕ್ಕೊಂದು 12.7 ಮಿ.ಮೀ. ಗನ್ ಇಟ್ಟರು. ‘ಗೊಬ್ಬೊ ಮಲೆದೆತ್ತೊ’, ಅಂದರೆ ‘ಹಾಳು ಗೂನ’ ಎಂಬ ಅಡ್ಡಹೆಸರಿಗೆ ಕಾರಣ ಇದೇ. ಬಾಂಬುಗಳದ್ದು ಇನ್ನೊಂದು ಪಾಡು. ಅವನ್ನು ಮಲಗಿಸದೆ, ಮೂತಿ ಮೇಲೆ ಬಾಲ ಕೆಳಗೆ ಮಾಡಿ ನೇತುಹಾಕುತ್ತಿದ್ದರು. ಬಿಟ್ಟಾಗ ಅವು ಗಾಳಿಯಲ್ಲಿ ಪಲ್ಟಿ ಹೊಡೆದು ಬೀಳಬೇಕು. ಗುರಿ ತಪ್ಪದೆ ಇನ್ನೇನಾದೀತು?

ಆದರೂ ಲೋಕ ಮೊದಲು ನೋಡಿದ್ದು ಅದರ ವೇಗವನ್ನೇ. 1937ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಇಸ್ತ್ರ್‌ನಿಂದ ಡಮಾಸ್ಕಸ್‌ಗೆ ಹೋಗಿ ಪ್ಯಾರಿಸ್‌ಗೆ ಮರಳುವ ಪಂದ್ಯದಲ್ಲಿ ಮೊದಲ ಮೂರೂ ಸ್ಥಾನ ಎಸ್‌ಎಂ.79ಕ್ಕೆ. ಮೂರನೆಯದರಲ್ಲಿ ಕೂತಿದ್ದವನು ಮುಸ್ಸೊಲಿನಿಯ ಮಗ ಬ್ರೂನೊ. ಮರು ಜನವರಿಯಲ್ಲಿ ಅದೇ ಬ್ರೂನೊ ಇದ್ದ ತಂಡ ರೋಮ್‌ನಿಂದ ಡಾಕಾರ್ ಮಾರ್ಗವಾಗಿ ಅಟ್ಲಾಂಟಿಕ್ ದಾಟಿ ಬ್ರೆಜಿಲ್ ಮುಟ್ಟಿತು. ವಿಮಾನಗಳ ಮೇಲೆ ಮೂರು ಹಸಿರು ಇಲಿಗಳ ಚಿತ್ರ. ‘ಹಸಿರು ಇಲಿ ತೋರಿಸುತ್ತೇವೆ’ ಎಂದರೆ ಇಟಲಿಯವರ ಮಾತಿನಲ್ಲಿ ಹೆಚ್ಚುಕಡಿಮೆ ನಮ್ಮ ‘ನೀರು ಕುಡಿಸುತ್ತೇವೆ’.

ಆ ಹೊತ್ತಿಗೆ ಸ್ಪೇನಿನ ಅಂತರ್ಯುದ್ಧದಲ್ಲಿ ಅದು ಬಾಂಬು ಹಾಕುತ್ತಲೂ ಇತ್ತು. 1937ರ ಏಪ್ರಿಲ್ 26ರಂದು ಗೆರ್ನಿಕಾದ ಮೇಲೆರಗಿದ ವಿಮಾನಗಳಲ್ಲಿ ಬಹುಪಾಲು ಜರ್ಮನರವಾದರೂ ಮೂರು ಎಸ್‌ಎಂ.79ಗಳೂ ಇದ್ದವು. 1938ರ ಮಾರ್ಚ್ 16ರಿಂದ 18ರವರೆಗೆ ಮಯೋರ್ಕಾ ದ್ವೀಪದಿಂದ ಹಾರಿ ಬಂದ ಇಟಲಿಯ ಬಾಂಬರ್‌ಗಳು ಬಾರ್ಸಿಲೋನಾದಲ್ಲಿ ಸಾವಿರದಷ್ಟು ಜನರನ್ನು ಕೊಂದವು. ನನ್ನ ಲೆಕ್ಕದಲ್ಲಿ, ಇಟಲಿಯ ವಾಯುಪಡೆ ಮೋಸಹೋದದ್ದು ಇಲ್ಲಿಯೇ. ತಡೆಯುವವರು ಕಮ್ಮಿಯಿದ್ದ ಆಕಾಶದಲ್ಲಿ ಸಿಕ್ಕ ಜಯವನ್ನು ವಿಮಾನದ ತಾಕತ್ತು ಅಂದುಕೊಂಡಿತು.

1940ರ ಜೂನ್ 10ರಂದು ಇಟಲಿ ಯುದ್ಧಕ್ಕಿಳಿಯಿತು; ಮರುದಿನವೇ ಮಾಲ್ಟಾದ ಮೇಲೆ ಎಸ್‌ಎಂ.79ಗಳು ಬಾಂಬು ಸುರಿದವು. ಮೊದಲ ತಿಂಗಳಲ್ಲೇ ಒಂದು ಎಡವಟ್ಟು. ಆಗ ಇಟಲಿಯ ವಸಾಹತಾಗಿದ್ದ ಲಿಬಿಯಾದ ಗವರ್ನರ್, ಹಿಂದೆ ವಾಯುಪಡೆಯ ಮಂತ್ರಿಯೇ ಆಗಿದ್ದ ಇಟಾಲೊ ಬಾಲ್ಬೊ ಜೂನ್ 28ರಂದು ತನ್ನ ಎಸ್‌ಎಂ.79ನಲ್ಲಿ ಟೊಬ್ರುಕ್‌ಗೆ ಬಂದ. ಆಗಷ್ಟೇ ಬ್ರಿಟಿಷರ ದಾಳಿ ಮುಗಿದಿತ್ತು. ಗಾಬರಿಯಲ್ಲಿದ್ದ ಇಟಲಿಯ ತೋಪುಗಳೇ ಅವನನ್ನು ಹೊಡೆದುರುಳಿಸಿದವು. ಜುಲೈ 9ರಂದು ಕಲಾಬ್ರಿಯಾ ತೀರದ ನೌಕಾಕದನದಲ್ಲಿ ಇಟಲಿಯ ಬಾಂಬರ್‌ಗಳು ಎತ್ತರದಿಂದ ಬಾಂಬು ಸುರಿದವು, ಕೆಲವನ್ನು ತಮ್ಮದೇ ಹಡಗುಗಳ ಮೇಲೆ!

ಓಡುವ ಹಡಗಿಗೆ ಮೇಲಿನಿಂದ ಬಾಂಬು ಹಾಕಿ ಪ್ರಯೋಜನವಿಲ್ಲ ಎಂದಾಗ ನೆನಪಾದದ್ದು ಟಾರ್ಪೆಡೊ, ಅಂದರೆ ನೀರಿನೊಳಗೆ ತಾನೇ ಓಡಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ. ಫಿಯುಮೆಯ ವೈಟ್‌ಹೆಡ್ ಕಾರ್ಖಾನೆ ವಿಮಾನದಿಂದ ಬಿಡುವ ಒಳ್ಳೆಯ ಟಾರ್ಪೆಡೊ ಮಾಡಿಕೊಂಡು ಕೂತಿತ್ತು. ಆದರೆ ನೌಕಾಪಡೆ ಮತ್ತು ವಾಯುಪಡೆಯ ಜಗಳದಲ್ಲಿ ವರ್ಷಗಳೇ ಕಳೆದಿದ್ದವು. 1940ರ ಆಗಸ್ಟ್ 15ರಂದು ಅಲೆಕ್ಸಾಂಡ್ರಿಯಾ ಬಂದರಿನ ಮೇಲೆ ನಡೆದ ಮೊದಲ ಟಾರ್ಪೆಡೊ ದಾಳಿಯಲ್ಲಿ ಒಂದೂ ಗುರಿ ಮುಟ್ಟಲಿಲ್ಲ. ತಿಂಗಳು ಕಳೆದ ಮೇಲೆ ಬ್ರಿಟಿಷ್ ಕ್ರೂಸರ್ ‘ಕೆಂಟ್’ಗೆ ಪೆಟ್ಟು ಬಿತ್ತು, ಅಕ್ಟೋಬರ್‌ನಲ್ಲಿ ‘ಲಿವರ್‌ಪೂಲ್’ನ ಮುಂಭಾಗವೇ ಕಳಚಿಹೋಯಿತು, ಮರುವರ್ಷ ‘ನೆಲ್ಸನ್’ ಎಂಬ ಯುದ್ಧನೌಕೆಯೂ ಟಾರ್ಪೆಡೊ ತಿಂದಿತು. ಗೂನುಬೆನ್ನಿಗೆ ತಕ್ಕ ಕೆಲಸ ಕೊನೆಗೂ ಸಿಕ್ಕಿತ್ತು. ನೀರಿಗೆ ಹೊಟ್ಟೆ ತಾಗುವಷ್ಟು ಕೆಳಗೆ, ನೆಟ್ಟಗೆ, ಹಡಗಿನ ತೋಪುಗಳ ಬಾಯಿಗೇ ಹಾರಬೇಕು. ಗುರಿ ಹಿಡಿಯಲು ಪೈಲಟ್‌ನ ಕಣ್ಣು ಸಾಕು, ಗಾಜಿನ ಮೂಗು ಬೇಡ.

ಈ ಕೆಲಸದ ಮೊದಲ ತಂಡ 278ನೇ ಸ್ಕ್ವಾಡ್ರನ್. ಅದರ ಲಾಂಛನ ನಾಲ್ಕು ಬೆಕ್ಕುಗಳು. ಇಟಲಿಯಲ್ಲಿ ‘ನಾಲ್ಕು ಬೆಕ್ಕು’ ಎಂದರೆ ನಮ್ಮ ‘ನಾಲ್ಕು ಮತ್ತೊಂದು ಜನ’. 1941ರ ಏಪ್ರಿಲ್‌ನಲ್ಲಿ ಈ ತಂಡದ ಒಂದು ವಿಮಾನ ದಾಳಿ ಮುಗಿಸಿ ಮರಳುವಾಗ ಕತ್ತಲಲ್ಲಿ ಕರಾವಳಿ ದಾಟಿದ್ದು ತಿಳಿಯದೆ ಲಿಬಿಯಾದ ಮರುಭೂಮಿಯ ಒಳಕ್ಕೆ ಹೋಗಿಬಿಟ್ಟಿತು. ಅದು ಕಣ್ಣಿಗೆ ಬಿದ್ದದ್ದು 1960ರಲ್ಲಿ. ಒಬ್ಬ ಸಿಬ್ಬಂದಿಯ ಅಸ್ಥಿ ಸಿಕ್ಕಿದ್ದು ಅಲ್ಲಿಂದ ಹತ್ತಾರು ಕಿಲೋಮೀಟರ್ ಆಚೆ. ಅಷ್ಟು ದೂರ ನಡೆದಿದ್ದ.

ಟಾರ್ಪೆಡೊ ಪೈಲಟ್‌ಗಳಲ್ಲಿ ಹೆಸರುವಾಸಿ ಕಾರ್ಲೊ ಎಮಾನುವೆಲೆ ಬುಸ್ಕಾಲ್ಯ. 1942ರ ನವೆಂಬರ್ 12ರಂದು ಅಲ್ಜೀರಿಯಾದ ಬೂಜಿ ಕೊಲ್ಲಿಯಲ್ಲಿ ಅವನ ವಿಮಾನ ಉರುಳಿತು. ಸತ್ತನೆಂದೇ ತಿಳಿದು ಚಿನ್ನದ ಪದಕ ಕೊಟ್ಟರು. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾಗಿ ದೇಶ ಇಬ್ಭಾಗವಾದಾಗ, ಉತ್ತರದ ಫ್ಯಾಸಿಸ್ಟ್ ಸರ್ಕಾರ ತನ್ನ ಎಸ್‌ಎಂ.79 ಪಡೆಗೆ ಅವನದೇ ಹೆಸರಿಟ್ಟಿತು. ಆದರೆ ಅವನು ಮೈ ಸುಟ್ಟುಕೊಂಡು ಅಮೆರಿಕನ್ನರ ಸೆರೆಯಲ್ಲಿ ಬದುಕಿದ್ದ! ಬಿಡುಗಡೆಯಾಗಿ ಬಂದವನು ಸೇರಿದ್ದು ಎದುರು ಪಕ್ಷವನ್ನು, ಅಂದರೆ ಮಿತ್ರರಾಷ್ಟ್ರಗಳ ಜೊತೆಗಿದ್ದ ದಕ್ಷಿಣದ ವಾಯುಪಡೆಯನ್ನು. 1944ರ ಆಗಸ್ಟ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ಬಾಂಬರೊಂದನ್ನು ಹಾರಿಸಲು ಹೋಗಿ ಅಪಘಾತದಲ್ಲಿ ನಿಜವಾಗಿಯೂ ತೀರಿಕೊಂಡ.

ಒಟ್ಟು 1,200ಕ್ಕೂ ಹೆಚ್ಚು ಎಸ್‌ಎಂ.79ಗಳು ತಯಾರಾದವು. ಯುದ್ಧದ ನಂತರ ಉಳಿದ ಕೆಲವನ್ನು ಲೆಬನಾನ್ ಕೊಂಡು ಸಾಗಣೆಗೆ ಬಳಸಿತು. ಮಾರ್ಕೆಟ್ಟಿ ಮೊದಲು ಅಂದುಕೊಂಡಿದ್ದ ಕೆಲಸವೂ ಜನರನ್ನು ಒಯ್ಯುವುದೇ ತಾನೆ. ಇಂದು ತ್ರೆಂತೊದಲ್ಲಿ ಒಂದು, ರೋಮ್ ಬಳಿಯ ವಿನ್ಯಾ ದಿ ವಾಲ್ಲೆ ಸಂಗ್ರಹಾಲಯದಲ್ಲಿ ಇನ್ನೊಂದು ಇಡಿಯಾಗಿ ಉಳಿದಿವೆ. ಎರಡೂ ಲೆಬನಾನ್‌ನಿಂದ ತವರಿಗೆ ಮರಳಿದವು.